ಮೂಲ ನೆಲ, ಮುಟ್ಟಬೇಡಿ

ನಾನು ಹುಟ್ಟಿದ ನೆಲವನ್ನು ನಾನೇ ನಕಲು ಮಾಡಿದೆ. ನಲವತ್ತು ದಿನ ಹಿಡಿಯಿತು. ನಾಲ್ಕು ಸಲ ರಿಜೆಕ್ಟ್ ಆಯಿತು.

ನನ್ನ ಹೆಸರು ಅನಿಲ್. ಇರುವುದು ಆಲ್ದೂರಿನಲ್ಲಿ. ಕೆಲಸ ನೆಲ ಹಾಕುವುದು. ಎರೆದರೆ ಗಾಜಿನ ಹಾಗೆ ಹೊಳೆಯುವ ಪ್ಲಾಸ್ಟಿಕ್ ಲೇಪ ಎಪಾಕ್ಸಿ, ಪಾಲಿಶ್ ಕಾಂಕ್ರೀಟು, ಅಚ್ಚು ಒತ್ತಿದ ಕಾಂಕ್ರೀಟು, ಯಾವುದು ಬೇಕಾದರೂ ಹಾಕುತ್ತೇನೆ. ಚಿಕ್ಕಮಗಳೂರಿನಲ್ಲಿ ಕಾರು ಮಾರುವ ಅಂಗಡಿ, ಔಷಧದ ಗೋಡೌನು, ಮದುವೆ ಹಾಲು, ಎಲ್ಲ ಕಡೆ ನನ್ನ ನೆಲ ಇದೆ. ಇಪ್ಪತ್ತು ವರ್ಷ ಮಂಡಿಯೂರಿ ಕೆಲಸ ಮಾಡಿದ್ದೇನೆ. ಮಂಡಿಯ ಚರ್ಮ ಸತ್ತು ಕಪ್ಪಾಗಿದೆ. ಎಪಾಕ್ಸಿಗೆ ಕಲಸುವ ಹಾರ್ಡ್‌ನರಿನ ವಾಸನೆ ಕುಡಿದು ಕುಡಿದು ಮೂಗಿಗೆ ಈಗ ಮೀನು ಸಾರೂ ಗೊತ್ತಾಗುವುದಿಲ್ಲ. ನಾನು ಹಾಕಿದ ನೆಲ ಒಣಗಿದ ಮೇಲೆ ಅದರ ಮೇಲೆ ನಡೆದದ್ದು ಕಡಿಮೆ. ಕೆಲಸ ಮುಗಿದ ದಿನ ಸಾಮಾನು ಎತ್ತಿಕೊಂಡು ಹಿಂದಿನ ಬಾಗಿಲಲ್ಲಿ ಹೊರಡಬೇಕು. ಮರುದಿನ ಮುಂದಿನ ಬಾಗಿಲಿಗೆ ಬಂದು ನಿಂತರೆ ಅಲ್ಲಿಂದಲೇ ಮಾತಾಡಿಸಿ ಕಳಿಸುತ್ತಾರೆ.

ನಾನು ಹುಟ್ಟಿದ್ದು ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿರುವ ಹೆಬ್ಬಲಸು ಎಸ್ಟೇಟಿನ ಕೂಲಿ ಲೈನಿನಲ್ಲಿ. ಎಂಟು ಮನೆಗಳ ಒಂದೇ ಸಾಲು, ಅದರಲ್ಲಿ ಐದನೆಯ ಬಾಗಿಲು. ಅವ್ವ ಹೋದಳು. ಈಗ ಅಲ್ಲಿ ನನ್ನ ಅಕ್ಕ ಯಶೋದಾ ಇದ್ದಾಳೆ. ಮೂವತ್ತು ವರ್ಷದಿಂದ ಅದೇ ತೋಟದಲ್ಲಿ ಗೊಬ್ಬರ ಹಾಕುತ್ತಾಳೆ, ಚಿಗುರು ತೆಗೆಯುತ್ತಾಳೆ, ಹಣ್ಣು ಕುಯ್ಯುತ್ತಾಳೆ. ಭಾವ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಸವರುವಾಗ, ಬಿದ್ದು ತೀರಿಕೊಂಡ. ಅವನು ಬಿದ್ದ ಸಿಲ್ವರ್ ಮರ ಈಗಲೂ ಇದೆ, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ.

ಆ ಮನೆಯ ನೆಲ ಮಣ್ಣಿನದು. ಸಗಣಿಗೆ ಮಸಿ ಕಲಸಿ ಸಾರಿಸಿದ ಕರೀ ನೆಲ. ಬೇಸಿಗೆಯಲ್ಲಿ ಚೆನ್ನಾಗಿರುತ್ತದೆ. ಜೂನ್ ಮಳೆ ಹಿಡಿಯಿತೋ, ನೆಲದೊಳಗಿನಿಂದ ನೀರು ಏಳುತ್ತದೆ. ಜಲ ಒಡೆಯುವುದು ಅನ್ನುತ್ತೇವೆ. ಮಾಡು ಸೋರಿದರೆ ಪಾತ್ರೆ ಇಡಬಹುದು. ನೆಲವೇ ಸೋರಿದರೆ ಎಲ್ಲಿ ಇಡುತ್ತೀರಿ?

ನಾಲ್ಕು ವರ್ಷದ ಹಿಂದೆ ಅಕ್ಕನ ಮಗಳು ಪ್ರಮೀಳಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಜುಲೈ ತಿಂಗಳು. ಚಾಪೆಯ ಕೆಳಗೆ ಗೋಣಿ, ಗೋಣಿಯ ಕೆಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಕೆಳಗೆ ನೀರು. ಮಗುವಿಗೆ ಎದೆಯಲ್ಲಿ ಕಫ ಕಟ್ಟಿತು. ಇಪ್ಪತ್ತೆರಡು ದಿನ ಬದುಕಿತ್ತು. ಹೆಸರನ್ನೂ ಇಟ್ಟಿರಲಿಲ್ಲ.

ಈ ವರ್ಷ ಪ್ರಮೀಳಾ ಮತ್ತೆ ಬಸುರಿಯಾಗಿದ್ದಳು. ಜೂನ್ ಮೊದಲ ವಾರಕ್ಕೆ ದಿನ ಕೊಟ್ಟಿದ್ದರು. ಫೆಬ್ರವರಿಯಲ್ಲಿ ಅಕ್ಕ ನನ್ನನ್ನು ಕರೆಸಿದಳು.

"ಅನಿಲಾ, ಈ ಸಲ ಮಗು ಒಣ ನೆಲದ ಮೇಲೆ ಮಲಗ್ಬೇಕು ಕಣೋ. ನಂಗೆ ಬೇರೆ ಎಂತದೂ ಬ್ಯಾಡ."

"ನಾನು ಊರೋರಿಗೆಲ್ಲ ನೆಲ ಹಾಕೋನು, ನಿಂಗೆ ಹಾಕ್ಕೊಡಲ್ವಾ ಅಕ್ಕ?" ಎಂದೆ.

ಲೈನ್ ಮನೆ ಎಸ್ಟೇಟಿನದು. ಒಂದು ಮೊಳೆ ಹೊಡೆಯಬೇಕಾದರೂ ರೈಟರ್ ಮಲ್ಲೇಶ್ ಅವರನ್ನು ಕೇಳಬೇಕು. ಕೂಲಿಯವರ ಹಾಜರಿ, ಮನೆ, ರಜೆ ಎಲ್ಲ ಅವರ ಕೈಯಲ್ಲಿ. ಐದು ವರ್ಷದಿಂದ 'ನಾವೇ ಮಾಡಿಸ್ಕೊಡ್ತೀವಿ' ಎನ್ನುತ್ತಿದ್ದವರು ಈ ಸಲ ಹೇಗೋ ಹೂಂ ಎಂದರು. ನಾನು ಆರು ಮೂಟೆ ಸಿಮೆಂಟು ತಂದು ಅಕ್ಕನ ಜಗಲಿಯಲ್ಲಿ ಪೇರಿಸಿದೆ. ಬರುವ ಭಾನುವಾರ ಕೆಲಸ ಎಂದು ಮಾತಾಯಿತು.

ಆ ಶುಕ್ರವಾರವೇ ಅದೇ ಎಸ್ಟೇಟಿನ ಬಂಗಲೆಯಿಂದ ನನಗೆ ಫೋನ್ ಬಂತು.

ಸಾಹುಕಾರ ಸೋಮಶೇಖರಪ್ಪನವರ ಸೊಸೆ ಶಿಲ್ಪಮ್ಮ ಹೋಂಸ್ಟೇ ತೆರೆಯುತ್ತಿದ್ದರು. ಹಳೆಯ ಕಾಫಿ ಗೋಡೌನನ್ನು ಊಟದ ಹಾಲು ಮಾಡಿದ್ದರು. ಹೆಸರು 'ಮಣ್ಮನೆ'. ಗೋಡೆ ಕಾಂಕ್ರೀಟು, ಮಾಡು ಕಬ್ಬಿಣ, ಬಾಗಿಲು ಮಲೇಷ್ಯಾದ ಮರ. ನೆಲ ಒಂದು ಬಾಕಿ. ಜೊತೆಗೆ ವಿವೇಕ್ ಎಂಬ ಡಿಸೈನರ್ ಇದ್ದರು. ಕುರುಚಲು ಗಡ್ಡ, ಖಾದಿ ಅಂಗಿ, ಮೂವತ್ತರ ಪ್ರಾಯ. ಬಹಳ ಮೆತ್ತಗಿನ ಮಾತು. ಅಂಥ ಮೆತ್ತಗಿನ ಮಾತಿನವರ ಕೈಕೆಳಗೆ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತು.

ನಾನು ಹದಿನಾಲ್ಕು ಸ್ಯಾಂಪಲ್ ಹಲಗೆ ತಗೊಂಡು ಹೋಗಿದ್ದೆ. ಸಾಲಾಗಿ ಜೋಡಿಸಿದೆ. ಮೊದಲನೆಯದು ನೀಲಿಯ ಮೆಟಾಲಿಕ್ ಎಪಾಕ್ಸಿ, ಸುಳಿ ಸುಳಿಯಾಗಿರುತ್ತದೆ.

"ಇದು ಏರ್‌ಪೋರ್ಟ್," ಎಂದರು ವಿವೇಕ್.

ಬೂದು ಬಣ್ಣದ ಪಾಲಿಶ್ ಕಾಂಕ್ರೀಟು ತೋರಿಸಿದೆ. "ಇದು ಹಲ್ಲಿನ ಡಾಕ್ಟ್ರ ಕ್ಲಿನಿಕ್." ಕಲ್ಲಿನ ಅಚ್ಚು ಒತ್ತಿದ್ದು ತೋರಿಸಿದೆ. "ಸುಳ್ಳು ಹೇಳ್ತಿದೆ." ಮರದ ಅಚ್ಚಿನದು ತೋರಿಸಿದೆ. "ಇದಂತೂ ಅಳ್ತಾ ಇದೆ."

ಹದಿನಾಲ್ಕೂ ಮುಗಿದವು. ಅವರು ಹಲಗೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅನಿಲ್, ನೆಲ ನಮ್ಮ ಹತ್ರ ಮಾತಾಡ್ಬೇಕು. ಇವ್ಯಾವೂ ಮಾತಾಡ್ತಾ ಇಲ್ಲ," ಎಂದರು.

ನಾನು ಬಗ್ಗಿ ನೋಡಿದೆ. ನಿಜ, ಒಂದೂ ಮಾತಾಡುತ್ತಿರಲಿಲ್ಲ.

ಊಟದ ಹೊತ್ತಿಗೆ ಅವರು ಕ್ಯಾಮೆರಾ ತಗೊಂಡು ಲೈನಿನ ಕಡೆ ಹೋದರು. ನಾನೂ ಹಿಂದೆ ಹೋದೆ. ಅಕ್ಕನ ಮನೆ ಬಾಗಿಲು ತೆರೆದಿತ್ತು. ಭಾನುವಾರದ ಕೆಲಸಕ್ಕೆಂದು ಅವಳು ಸಾಮಾನೆಲ್ಲ ಹೊರಗಿಟ್ಟಿದ್ದಳು. ಬರಿದಾದ ಕರೀ ನೆಲದ ಮೇಲೆ ಬಿಸಿಲು ಬಿದ್ದಿತ್ತು. ವಿವೇಕ್ ಹೊಸ್ತಿಲಲ್ಲಿ ನಿಂತರು. ಆಮೇಲೆ ಹೊಟ್ಟೆಯಡಿಯಾಗಿ ನೆಲದ ಮೇಲೆ ಮಲಗಿದರು. ಕೆನ್ನೆ ಊರಿದರು.

"ಸಿಕ್ತು!" ಎಂದು ಕೂಗಿದರು.

ಒಲೆ ಮುಂದಿದ್ದ ಅಕ್ಕ ಸೌದೆ ಹಿಡಿದು ಓಡಿ ಬಂದಳು. "ಎಲ್ಲಿ? ಹಾವಾ?"

"ಈ ಕಪ್ಪು ಯಾವುದಮ್ಮಾ?" ಎಂದು ಮಲಗಿದ್ದಲ್ಲಿಂದಲೇ ಕೇಳಿದರು.

"ಶೆಲ್ಲಿಂದು ಸಾ. ಟಾರ್ಚಿಗೆ ಹಾಕ್ತಾರಲ್ಲ, ಖಾಲಿ ಆದ ಮ್ಯಾಲೆ ಒಡ್ದು ಮಸಿ ತೆಗ್ದು ಸಗಣಿಗೆ ಕಲಸ್ತೀವಿ."

ಅವರು ಪುಸ್ತಕದಲ್ಲಿ ಬರೆದುಕೊಂಡರು. ಇಣುಕಿದೆ. 'ಪಾರಂಪರಿಕ ಕಪ್ಪು' ಎಂದಿತ್ತು.

ಅರ್ಧ ಗಂಟೆಯಲ್ಲಿ ಶಿಲ್ಪಮ್ಮ ಬಂದರು. ಐವತ್ತು ವರ್ಷದಲ್ಲಿ ಆ ಮನೆತನದವರು ನಮ್ಮ ಲೈನಿನ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ನೆಲವನ್ನು ಹೊಗಳಿದರು. ಸಂಜೆ ರೈಟರ್ ಮಲ್ಲೇಶ್ ಬಂದರು.

"ಯಶೋದಾ, ನೆಲಕ್ಕೆ ಕೈ ಹಚ್ಬೇಡ. ಇದು ಈಗ ಸ್ಯಾಂಪಲ್ಲು."

"ಸಾ, ಭಾನುವಾರ ಸಿಮೆಂಟು ಹಾಕ್ಬೇಕಲ್ಲ. ನೀವೇ ಹೂಂ ಅಂದಿದ್ರಿ."

"ಸಿಮೆಂಟು ಇರ್ಲಿ, ಸಾರಿಸಲೂ ಬ್ಯಾಡ. ಗೆರೆ ಅಳಿಸಿ ಹೋಗ್ತದೆ. ಹಾಲ್ ಮುಗೀಲಿ ಮಾರಾಯ್ತಿ, ಆಮೇಲೆ ಸಿಮೆಂಟಾದ್ರೂ ಹಾಕು, ಚಿನ್ನ ಆದ್ರೂ ಹಾಕು."

ಅಕ್ಕ ನನ್ನ ಮುಖ ನೋಡಿದಳು. ಹಾಲಿನ ನೆಲ ಬೇಗ ಮುಗಿದರೆ ನಮ್ಮ ನೆಲ ಬೇಗ ಬಿಡುಗಡೆಯಾಗುತ್ತದೆ. ಅದಕ್ಕೇ ನಾನು ಆ ಕೆಲಸ ಒಪ್ಪಿಕೊಂಡೆ. ಮಾರ್ಚ್ ಕೊನೆಯೊಳಗೆ ಮುಗಿಸುತ್ತೇನೆ ಎಂದುಕೊಂಡೆ. ನನ್ನಂಥ ಪೆದ್ದ ಯಾರಿದ್ದಾರೆ?

ಸ್ಯಾಂಪಲ್ಲಿನ ಪ್ರಕಾರ ಎಲ್ಲ ಬರಬೇಕು ಎಂದರು. ಎಲ್ಲ ಎಂದರೆ ಎಲ್ಲ. ಬಾಗಿಲ ಹತ್ತಿರದ ಬಿರುಕು ಬೇಕು. ಅವ್ವ ಒರಳು ಇಟ್ಟಿದ್ದ ಜಾಗದಲ್ಲಿ ನೆಲ ಬೋಗುಣಿಯ ಹಾಗೆ ತಗ್ಗಾಗಿದೆ. ಆ ತಗ್ಗು ಬೇಕು. ಲೇಸರ್ ಇಟ್ಟು ಆಳ ಅಳೆದರು. ಇಪ್ಪತ್ತು ವರ್ಷ ನಾನು ಕಲಿತದ್ದು ನೆಲ ಮಟ್ಟವಾಗಿ ಹಾಕುವುದನ್ನು. ಈಗ ಮಟ್ಟ ಕೆಟ್ಟಿದ್ದನ್ನು ಮಟ್ಟವಾಗಿ ಹಾಕಬೇಕು.

ಮೂಲೆಯಲ್ಲಿ ಜಲದ ಕಲೆ ಇತ್ತು. ಪ್ರತಿ ಮಳೆಗಾಲ ನೀರೆದ್ದು ನಿಂತು ಆದ ಕರೀ ಕಲೆ. ಅದನ್ನು ತೋರಿಸಿ ವಿವೇಕ್, "ಇದು ಬ್ಯೂಟಿಫುಲ್. ಹಸಿ ಇದ್ದ ಹಾಗೆ ಕಾಣ್ಬೇಕು. ಆದ್ರೆ ಒಣಗಿರ್ಬೇಕು," ಎಂದರು.

ಅಕ್ಕ ನಕ್ಕುಬಿಟ್ಟಳು. "ನಂಗೂ ಅದೇ ಬೇಕು ಸಾ."

ಅವರಿಗೆ ಅರ್ಥವಾಗಲಿಲ್ಲ.

ಕಷ್ಟವಾದದ್ದು ಗೆರೆ. ಸಗಣಿ ಸಾರಿಸುವಾಗ ಅಂಗೈ ಆಡಿದ ಕಡೆ ಅರೆಚಂದ್ರನ ಗೆರೆ ಏಳುತ್ತದಲ್ಲ, ಅದು. ಕಾಂಕ್ರೀಟಿನ ಮೇಲೆ ಬಣ್ಣದ ಸಿಮೆಂಟಿನ ತೆಳು ಪದರ ಎಳೆದು ಕರಣೆಯಲ್ಲಿ ಗೆರೆ ತೆಗೆದೆ. ರಿಜೆಕ್ಟ್. ಗ್ರೈಂಡರ್ ಹಚ್ಚಿ ಎಲ್ಲ ಕೆರೆದು ತೆಗೆದೆ. ಬಾಯಿಯೊಳಗೆಲ್ಲ ಧೂಳು. ಪೊರಕೆಯಲ್ಲಿ ಎಳೆದೆ. ರಿಜೆಕ್ಟ್. ಬ್ರಷ್ಷಿನಲ್ಲಿ ಎಳೆದೆ. ರಿಜೆಕ್ಟ್. ಕೊನೆಗೆ ಗ್ಲೌಸ್ ಹಾಕಿಕೊಂಡು ನಾನೇ ಕೈಯಲ್ಲಿ ಸಾರಿಸಿದೆ. ವಿವೇಕ್ ಬಹಳ ಹೊತ್ತು ನೋಡಿದರು.

"ಇದು ಗಂಡಸಿನ ಕೈ," ಎಂದರು.

ಹಾಗಾಗಿ ಅಕ್ಕನನ್ನು ಕರೆಸಿದರು. ಗ್ಲೌಸ್ ಕೊಟ್ಟೆ. ಗ್ಲೌಸಿನಲ್ಲಿ ಬೆರಳಿನ ಗೆರೆ ಬರುವುದಿಲ್ಲ ಎಂದರು. ಅಕ್ಕ ಬಿಚ್ಚಿಟ್ಟಳು. ಬರಿಗೈಯಲ್ಲಿ ಸಿಮೆಂಟು ಸಾರಿಸಿದಳು. ನಲವತ್ತು ಅಡಿ ಉದ್ದ, ಇಪ್ಪತ್ತೆರಡು ಅಡಿ ಅಗಲದ ಹಾಲು. ನಾಲ್ಕು ದಿನ ಕುಕ್ಕರುಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತ ಸಾರಿಸಿದಳು. ಸಗಣಿ ಕೈಗೆ ತಂಪು. ಸಿಮೆಂಟು ಚರ್ಮ ತಿನ್ನುತ್ತದೆ. ಎರಡನೆಯ ದಿನ ಬೆರಳ ತುದಿ ಬಿಳುಚಿತು. ಮೂರನೆಯ ದಿನ ಒಡೆಯಿತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಳು. ಎಣ್ಣೆ ಸಿಮೆಂಟಿಗೆ ಹಿಡಿಯುತ್ತದೆ, ತೊಳೆದುಕೊಂಡು ಬಾ ಎಂದು ಮಲ್ಲೇಶ್ ವಾಪಸ್ಸು ಕಳಿಸಿದರು. ನಾಲ್ಕನೆಯ ದಿನ ಒಂದು ಗೆರೆಯಲ್ಲಿ ರಕ್ತ ಸೇರಿತು. ನಾನು ಅವಳ ಮಣಿಕಟ್ಟು ಹಿಡಿದು ತಡೆದೆ.

"ಬಿಡು ಅಕ್ಕ, ಸಾಕು. ಹೋಗೋಣ."

"ಸುಮ್ನಿರೋ. ಇದು ಮುಗಿದ್ರೆ ಅದು ಸಿಗ್ತದೆ."

ಆ ನೆಲ ಅಪ್ರೂವ್ ಆಯಿತು. ರಕ್ತದ ಗೆರೆಗೆ ವಿವೇಕ್ 'ಕೆಮ್ಮಣ್ಣಿನ ಛಾಯೆ' ಎಂದರು. ಅದರ ಮೇಲೆ ನಾನು ಬಣ್ಣವಿಲ್ಲದ ಎಪಾಕ್ಸಿ ಎರಡು ಸಲ ಎಳೆದೆ. ಎಲ್ಲ ಅದರ ಕೆಳಗೆ ಭದ್ರವಾಗಿ ಕೂತವು. ಬಿರುಕು, ತಗ್ಗು, ಜಲ, ಅಕ್ಕನ ಕೈ.

ಎಪಾಕ್ಸಿ ಒಣಗಿದ ಮೇಲೆ ಸಾಹುಕಾರ ಸೋಮಶೇಖರಪ್ಪನವರು ನೋಡಲು ಬಂದರು. ಎಂಬತ್ತು ವರ್ಷದ ಮುದುಕರು. ಬಾಗಿಲಲ್ಲೇ ನಿಂತುಬಿಟ್ಟರು.

"ಇದೇನಮ್ಮ ಶಿಲ್ಪಾ? ಲೈನಿನ ನೆಲ ಅಲ್ವಾ ಇದು?"

"ಅಲ್ಲ ಮಾವ, ಎಪಾಕ್ಸಿ. ನೋಡೋಕೆ ಮಾತ್ರ ಹಂಗೆ."

"ನೋಡೋಕೆ ಹಂಗಿದ್ರೆ ಆಯ್ತಲ್ಲ." ಅವರು ಕಾಲು ಎತ್ತಿದವರು ಹಿಂದೆ ಇಟ್ಟರು. ಅವತ್ತಿನಿಂದ ಈವತ್ತಿನವರೆಗೆ ಆ ಹಾಲಿನ ಒಳಗೆ ಕಾಲಿಟ್ಟಿಲ್ಲ. ಮಳೆಯಲ್ಲೂ ಕೊಡೆ ಹಿಡಿದು ಹೊರಗಿನಿಂದ ಸುತ್ತಿಕೊಂಡು ಹೋಗುತ್ತಾರೆ. ನಮ್ಮನ್ನು ಒಳಗೆ ಸೇರಿಸದೆ ಇದ್ದದ್ದು ಹಳೆಯ ಕಥೆ. ನಮ್ಮ ಹಾಗೆ ಕಾಣುವ ಪ್ಲಾಸ್ಟಿಕ್ಕನ್ನೂ ಸೇರಿಸದೆ ಇದ್ದದ್ದನ್ನು ಅವತ್ತೇ ನೋಡಿದೆ.

ಏಪ್ರಿಲ್ ಬಂದಿತ್ತು. ನಾನು ಪಿಕಾಸಿ ತಗೊಂಡು ಅಕ್ಕನ ಮನೆಗೆ ಹೋದೆ. ಮಲ್ಲೇಶ್ ನನಗಿಂತ ಮೊದಲೇ ಅಲ್ಲಿದ್ದರು. ಮನೆಯೊಳಗೆ ನಾಲ್ಕು ಹಿತ್ತಾಳೆ ಕಂಬ ನೆಟ್ಟು ಕೆಂಪು ಹಗ್ಗ ಕಟ್ಟಿಸುತ್ತಿದ್ದರು. ಗೋಡೆಗೆ ಬೋರ್ಡು ಹೊಡೆದಿದ್ದರು. 'ಮೂಲ ನೆಲ. ದಯವಿಟ್ಟು ಮುಟ್ಟಬೇಡಿ.'

"ಏನ್ ಸಾರ್ ಇದು?" ಎಂದೆ.

"ಮೇಡಮ್ಮು ಹೇಳಿದಾರೆ. ಗೆಸ್ಟ್‌ಗಳು ಮೊದ್ಲು ಹಾಲ್ ನೋಡ್ತಾರೆ, ಆಮೇಲೆ ಇಲ್ಲಿಗೆ ಬಂದು ಒರಿಜಿನಲ್ ನೋಡ್ತಾರೆ. ಒರಿಜಿನಲ್ ಇಲ್ದಿದ್ರೆ ನಕಲಿಗೆ ಏನು ಬೆಲೆ?"

"ನಾನೆಲ್ಲಿ ಮಲಗ್ಲಿ ಸಾ?" ಎಂದಳು ಅಕ್ಕ.

"ಹಗ್ಗದ ಈಚೆ ಮೂರಡಿ ಬಿಟ್ಟಿದೀನಲ್ಲ."

"ನೀವು ಹಾಲ್ ಮುಗೀಲಿ ಅಂದಿದ್ರಿ."

"ಅಂದಿದ್ದೆ. ಈಗ ಬ್ಯಾಡ ಅಂತಿದೀನಿ. ಹಗ್ಗ ದಾಟಿದ್ರೆ ಲೈನ್ ಖಾಲಿ ಮಾಡು, ಅಷ್ಟೇ."

ಅಕ್ಕ ಐವತ್ತೆರಡು ವರ್ಷದ ಹೆಂಗಸು. ತನ್ನ ಮನೆಯಲ್ಲಿ ಗೋಡೆಗೆ ಬೆನ್ನು ಸವರಿಕೊಂಡು ಅಡ್ಡಡ್ಡ ನಡೆಯಲು ಕಲಿತಳು. ಅನ್ನದ ಪಾತ್ರೆ ತಲೆಯ ಮೇಲೆತ್ತಿ ಹಗ್ಗ ಬಳಸಿಕೊಂಡು ಹೋಗುವಳು. ಬೆಕ್ಕು ಮಾತ್ರ ಒಳಗೆ ಹೋಗಿ ಮಲಗುತ್ತಿತ್ತು. ಅದಕ್ಕೆ ಓದಲು ಬರುವುದಿಲ್ಲ. ನಾನು ಮೂರು ಸಲ ಬಂಗಲೆಗೆ ಹೋದೆ. ಮೂರು ಸಲವೂ ಶಿಲ್ಪಮ್ಮ ಮೀಟಿಂಗಿನಲ್ಲಿದ್ದರು. ಮೇ ತಿಂಗಳ ಅಡ್ಡಮಳೆಗೆ ಜಗಲಿಯಲ್ಲಿದ್ದ ಆರು ಮೂಟೆ ಸಿಮೆಂಟು ಮೂಟೆಯೊಳಗೇ ಕಲ್ಲಾಯಿತು.

ಜೂನ್ ಆರಕ್ಕೆ ಮೂಡಿಗೆರೆ ಆಸ್ಪತ್ರೆಯಲ್ಲಿ ಪ್ರಮೀಳಾಗೆ ಗಂಡು ಮಗುವಾಯಿತು. ಹತ್ತಕ್ಕೆ ಮನೆಗೆ ಕರೆತಂದರು. ಹನ್ನೆರಡರಿಂದ ಮಳೆ ಹಿಡಿಯಿತು. ಹದಿನೈದರ ಬೆಳಿಗ್ಗೆ ಹಗ್ಗದೊಳಗಿನ ಮೂಲ ನೆಲದಲ್ಲಿ ಜಲ ಒಡೆದು, ಹಗ್ಗದ ಈಚಿನ ಮೂರಡಿಗೂ ಬಂತು. ನೀರಿಗೂ ಓದಲು ಬರುವುದಿಲ್ಲ.

ಅಕ್ಕ ಮಲ್ಲೇಶ್ ಅವರ ಹತ್ತಿರ ಹೋದಳು. "ಮಗು ಸಾ," ಎಂದಳಂತೆ. ನಾಡಿದ್ದು ಉದ್ಘಾಟನೆ, ಹನ್ನೊಂದು ಜನ ಗೆಸ್ಟು ಬರುತ್ತಾರೆ, ಅವರು ನೋಡಿ ಹೋದ ಮೇಲೆ ಯೋಚನೆ ಮಾಡೋಣ ಎಂದರಂತೆ. ಜಲ ಒಡೆದದ್ದು ಕೇಳಿ ವಿವೇಕ್ ಅವರಿಗೆ ಬಹಳ ಸಂತೋಷವಾಯಿತಂತೆ. 'ಲೈವ್' ಎಂದರಂತೆ.

ಆ ಎರಡು ರಾತ್ರಿ ಅಕ್ಕ ಗೋಡೆಗೊರಗಿ ಕೂತು ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡಳು. ಎರಡನೆಯ ಬೆಳಿಗ್ಗೆ ಮಗು ಸೀನಿತು. ಒಂದೇ ಒಂದು ಸಲ.

ಉದ್ಘಾಟನೆಯ ದಿನ ಬೆಳಿಗ್ಗೆ ನಾನು ಹಾಲಿನಲ್ಲಿದ್ದೆ. ನೆಲಕ್ಕೆ ಸಗಣಿಯ ವಾಸನೆ ಇಲ್ಲ, ಎಪಾಕ್ಸಿಗೆ ವಾಸನೆ ಸೇರಿಸಲು ಆಗುತ್ತದಾ ನೋಡು ಎಂದು ವಿವೇಕ್ ಕರೆಸಿದ್ದರು. ಆಗುವುದಿಲ್ಲ ಎಂದೆ. ಹಾಗಾದರೆ ಮೂಲೆಯ ಗೀರು ಒಂದನ್ನು ಸರಿಮಾಡು ಎಂದರು. ಮೂಲೆಯಲ್ಲಿ ಮಂಡಿಯೂರಿ ಕೂತಿದ್ದೆ. ಗೆಸ್ಟುಗಳು ಬಂದರು. ಶಿಲ್ಪಮ್ಮ ಹಾಲಿನ ನಡುವೆ ನಿಂತು ಮಾತಾಡಿದರು.

"ಇದು ನೂರು ವರ್ಷದ ನೆಲವೊಂದರ ಪ್ರತಿರೂಪ. ಒಂದು ಗೆರೆಯೂ ಬಿಟ್ಟಿಲ್ಲ. ನಾವು ಇದನ್ನ ಯಶೋದಾ ಅವರ ನೆಲ ಅಂತಾನೇ ಕರೀತೀವಿ. ಅವರು ನಮ್ಮನೆಯವರ ಹಾಗೆ."

ಗೆಸ್ಟುಗಳು ಚಪ್ಪಾಳೆ ತಟ್ಟಿದರು. ಆಗ ಮುಂದಿನ ಬಾಗಿಲಿಂದ ಅಕ್ಕ ಬಂದಳು.

ತಲೆಯ ಮೇಲೆ ಮಳೆಗೆ ಹೊದೆಯುವ ಎಲೆಯ ಗೊರಬು. ಕಂಕುಳಲ್ಲಿ ಚಾಪೆ. ಬಟ್ಟೆ ಸುತ್ತಿದ ಕೈಯಲ್ಲಿ ಕೆಂಡ ತುಂಬಿದ ಬಾಂಡಲಿ. ಹಿಂದೆ ಪ್ರಮೀಳಾ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೆರಗಿನೊಳಗೆ ಮಗು. ಅಕ್ಕ ಯಾರನ್ನೂ ನೋಡಲಿಲ್ಲ. ಕೆಸರು ಕಾಲಲ್ಲಿ ಹಾಲಿನ ಆ ಕಡೆಯ ಮೂಲೆಗೆ ನಡೆದಳು. ಗೊತ್ತಿರುವ ಜಾಗಕ್ಕೆ ಹೋಗುವವರ ಹಾಗೆ ನಡೆದಳು. ಒರಳಿನ ತಗ್ಗು ಬಳಸಿ, ಬಿರುಕು ದಾಟಿ ಚಾಪೆ ಹಾಸಿದಳು. ಅವ್ವ ಅವಳನ್ನೂ ನನ್ನನ್ನೂ ಹೆತ್ತ ಮೂಲೆ ಅದು. ಅಂದರೆ ಅದರ ನಕಲು. ಪ್ರಮೀಳಾ ಮಲಗಿದಳು. ಮಗುವನ್ನು ಪಕ್ಕದಲ್ಲಿ ಮಲಗಿಸಿದರು.

ಬಾಂಡಲಿ ಕೆಳಗಿಡುವ ಮೊದಲು ಅಕ್ಕ ನನ್ನ ಕಡೆ ತಿರುಗಿದಳು.

"ಅನಿಲಾ, ಇದು ಬಿಸಿ ತಡೀತದಾ?"

"ಇಲ್ಲ ಅಕ್ಕ. ಮೆತ್ತಗಾಗ್ತದೆ. ಹಳದಿ ಬರ್ತದೆ."

"ಹೌದಾ," ಎಂದು ಕೆಳಗಿಟ್ಟಳು.

ಗೆಸ್ಟುಗಳು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಹನ್ನೊಂದು ಮೊಬೈಲು ಮೇಲೆದ್ದವು. ಕನ್ನಡಕದ ಹೆಂಗಸೊಬ್ಬರು, "ಮಗೂನೂ ಪ್ರೋಗ್ರಾಮ್‌ನಲ್ಲಿದ್ಯಾ?" ಎಂದು ಕೇಳಿದರು. ಇನ್ನೊಬ್ಬರು ಕೆಂಡಕ್ಕೆ ಕೈ ಕಾಸಿದರು. ವಿವೇಕ್ "ಕೋಟಿಂಗ್, ಕೋಟಿಂಗ್" ಎಂದು ಸಣ್ಣ ದನಿಯಲ್ಲಿ ಅನ್ನುತ್ತ ಬಾಂಡಲಿಯ ಸುತ್ತ ತಿರುಗಿದರು.

ಶಿಲ್ಪಮ್ಮ ನಗುಮುಖ ಬಿಡದೆ ಅಕ್ಕನ ಹತ್ತಿರ ಬಗ್ಗಿದರು. "ಯಶೋದಾ, ಏಳು. ಈಗ್ಲೇ ಏಳು."

"ಏಳಲ್ಲ ಅಮ್ಮಾ."

"ಇದು ನಿನ್ನ ಮನೆ ಅಲ್ಲ."

"ಮನೆ ನಂದಲ್ಲ. ನೆಲ ನಂದು ಅಂತ ಈಗ ತಾನೇ ನೀವೇ ಅಂದ್ರಲ್ಲ. ನನ್ನ ಕೈ ಅದೆ ಇದ್ರೊಳಗೆ. ರಕ್ತನೂ ಅದೆ."

ಮಲ್ಲೇಶ್ ಕೊಡೆ ಮಡಚಿಕೊಂಡು ಓಡಿ ಬಂದರು. "ಲೈನ್ ಖಾಲಿ ಮಾಡಿಸ್ತೀನಿ ನೋಡು ನಿನ್ನ!"

"ಖಾಲಿ ಮಾಡೇ ಬಂದಿದೀನಿ ಸಾ. ಅದು ಮುಟ್ಟಬಾರದ ನೆಲ ಅಲ್ವಾ? ಮುಟ್ಟಬಾರದ ನೆಲದಲ್ಲಿ ಬಾಣಂತೀನ ಎಲ್ಲಿ ಮಲಗಿಸ್ಲಿ?"

"ಪೊಲೀಸ್ ಕರೀತೀನಿ," ಎಂದರು ಶಿಲ್ಪಮ್ಮ. ಈ ಸಲ ಜೋರಾಗಿಯೇ ಬಂತು.

ಕನ್ನಡಕದ ಹೆಂಗಸು ಮೊಬೈಲು ಇಳಿಸದೆ ಕೇಳಿದರು. "ಯಾಕೆ? ನಿಮ್ಮನೆಯವರ ಹಾಗೆ ಅಂದ್ರಲ್ಲ?"

ಶಿಲ್ಪಮ್ಮ ನನ್ನ ಕಡೆ ನೋಡಿದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ನನಗೆ ಬಹುವಚನ ಬಂತು.

"ಅನಿಲ್, ನಿಮ್ಮ ಅಕ್ಕಂಗೆ ನೀವಾದ್ರೂ ಸ್ವಲ್ಪ ಹೇಳಿ."

ನಾನು ಮಂಡಿ ಹಿಡಿದುಕೊಂಡು ಎದ್ದೆ. ಹೊರಗೆ ಬಿಟ್ಟಿದ್ದ ಚಪ್ಪಲಿ ತಂದು ಒಳಗೆ ಹಾಕಿಕೊಂಡೆ. ಹಾಲಿನ ಉದ್ದಕ್ಕೂ ನಡೆದು ಮುಂದಿನ ಬಾಗಿಲಿಂದ ಹೊರಟೆ. ಹಿಂದಿನ ಶೆಡ್ಡಿನಲ್ಲಿ ಹಾಲಿನ ಕೆಲಸದಿಂದ ಮಿಕ್ಕ ಎಂಟು ಮೂಟೆ ಸಿಮೆಂಟು ಹೊಸತಾಗಿಯೇ ಇತ್ತು. ಒಂದನ್ನು ಹೆಗಲಿಗೆ ಹಾಕಿಕೊಂಡೆ. ಕೇಳಿ ತಗೊಂಡೆ ಎಂದು ಸುಳ್ಳು ಹೇಳುವುದಿಲ್ಲ. ಕದ್ದೆ. ಲೈನಿನ ಏಳು ಮನೆಯಿಂದ ಏಳು ಜನ ಬಂದು ಏಳು ಮೂಟೆ ಹೊತ್ತರು. ಯಾರನ್ನೂ ನಾನು ಕರೆದಿರಲಿಲ್ಲ.

ಹಗ್ಗ ಕತ್ತರಿಸಿದೆ. ಪಿಕಾಸಿ ಎತ್ತಿದೆ. ಅವ್ವ ಸಾರಿಸಿದ ನೆಲ. ಮೊದಲ ಏಟಿಗೆ ಅಳು ಬಂತು. ಎರಡನೆಯ ಏಟಿಗೆ ನಿಂತಿತು. ಇಷ್ಟು ಸಂತೋಷದಲ್ಲಿ ಯಾವ ನೆಲವನ್ನೂ ಒಡೆದಿಲ್ಲ. ಬಿರುಕು ಹೋಯಿತು, ತಗ್ಗು ಹೋಯಿತು, ಕಲೆ ಹೋಯಿತು. ಗುಡ್ಡದ ಕಡೆಯ ಗೋಡೆಯ ಹಿಂದೆ ಆಳವಾಗಿ ಕಾಲುವೆ ತೋಡಿ ಜಲವನ್ನು ಆ ಕಡೆ ತಿರುಗಿಸಿದೆವು. ಒಳಗೆ ಕಲ್ಲು ತುಂಬಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ಕು ಹಾಸಿ, ಶೆಡ್ಡಿನ ಹತ್ತಿರ ಮಿಕ್ಕಿದ್ದ ಮರಳು ಜಲ್ಲಿ ಹೊತ್ತು ತಂದು ಕಾಂಕ್ರೀಟು ಹಾಕಿದೆವು. ಗಾರೆ ಕಲಸಲು ಹಲಗೆ ಇರಲಿಲ್ಲ. ಬೋರ್ಡು ಕಿತ್ತು ಅದರ ಮೇಲೆ ಕಲಸಿದೆವು. ಎಪಾಕ್ಸಿ ಇಲ್ಲ, ಬಣ್ಣ ಇಲ್ಲ, ಗೆರೆ ಇಲ್ಲ. ಬರೀ ಬೂದು ನೆಲ. ಮಟ್ಟಗೋಲು ಇಟ್ಟು ನೋಡಿದೆ. ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತಿತು.

ನಡುವೆ ವಿವೇಕ್ ಬಂದಿದ್ದರು. ಹೊಸ್ತಿಲಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತು ನೋಡಿದರು. ತಿರುಗಿ ಓಡಿದರು.

ಸಂಜೆ ನಾಲ್ಕಕ್ಕೆ ನಾನು ಹಾಲಿಗೆ ವಾಪಸ್ಸು ಹೋದಾಗ ಅವರು ಕುರ್ಚಿಯಲ್ಲಿ ತಲೆ ಹಿಡಿದು ಕೂತಿದ್ದರು. "ಮೇಡಂ, ಒರಿಜಿನಲ್ ಹೋಯ್ತು. ಈಗ ಇರೋದು ಇದೊಂದೇ. ಇನ್ಮೇಲೆ ಇದೇ ಒರಿಜಿನಲ್," ಎನ್ನುತ್ತಿದ್ದರು. ಶಿಲ್ಪಮ್ಮನ ಮುಖ ಸುಣ್ಣದ ಹಾಗಿತ್ತು. ಗೆಸ್ಟುಗಳು ಬಾಗಿಲ ಹೊರಗೆ ಜಗಲಿಯಲ್ಲಿ ನಿಂತು ಒಳಗಿನದನ್ನು ನೋಡುತ್ತ ಕಾಫಿ ಕುಡಿಯುತ್ತಿದ್ದರು. ಅವರ ಮೊಬೈಲಿನಿಂದ ಪಟ ಆಗಲೇ ಎಲ್ಲೆಲ್ಲಿಗೋ ಹೋಗಿತ್ತು. ಮಲ್ಲೇಶ್‌ಗೆ ಅಕ್ಕನನ್ನು ಎತ್ತಲೂ ಆಗದು, ಬಿಡಲೂ ಆಗದು. ಬಾ ಎಂದವರ ಹತ್ತಿರ ಹೋಗಿ, ಹೋಗು ಎಂದವರ ಹತ್ತಿರ ಬಂದು ಸುಸ್ತಾಗಿದ್ದರು.

ಬಾಂಡಲಿಯ ಅಡಿಯಲ್ಲಿ ಹಳದಿ ಚಕ್ರ ಎದ್ದಿತ್ತು. ಮಗು ನಿದ್ದೆ ಮಾಡುತ್ತಿತ್ತು.

ಅಕ್ಕ ಚಾಪೆಯ ಕೆಳಗೆ ಕೈ ಹಾಕಿದಳು. ಅಂಗೈ ಊರಿ ಬಹಳ ಹೊತ್ತು ಹಾಗೇ ಇಟ್ಟುಕೊಂಡಳು. ಆಮೇಲೆ ಕೈ ತೆಗೆದು ನನ್ನ ಕಡೆ ಎತ್ತಿ ತೋರಿಸಿದಳು. ಒಣಗಿತ್ತು. ಅವಳು ಅತ್ತದ್ದು ಆಗ. ಶಬ್ದ ಮಾಡದೆ ಅತ್ತಳು, ಮಗು ಏಳುತ್ತದೆಂದು.

"ಅಲ್ಲಿ ಸಿಮೆಂಟು ಹಾಕಿದ್ದೀರಂತೆ," ಎಂದರು ಶಿಲ್ಪಮ್ಮ ನನಗೆ. "ಎಷ್ಟು ದಿನಕ್ಕೆ ರೆಡಿ ಆಗತ್ತೆ? ಇವರು ಯಾವಾಗ ಹೋಗ್ತಾರೆ?"

ಏಳು ದಿನ ಸಾಕು. ಮಳೆಗಾಲದಲ್ಲಿ ಹತ್ತು. ಆದರೆ ಕಾಂಕ್ರೀಟು ಪೂರ್ತಿ ಬಲ ಬರಲು ಪುಸ್ತಕದಲ್ಲಿ ಬರೆದ ಲೆಕ್ಕ ಬೇರೆ ಇದೆ. ನಾನು ನೆಲದವನು, ಪುಸ್ತಕದ್ದೇ ಹೇಳಿದೆ.

"ಇಪ್ಪತ್ತೆಂಟು ದಿನ ಮೇಡಂ."

ಅವರು ಏನೋ ಹೇಳಲು ಹೊರಟರು. ಆಗ ಗಾಳಿ ಬೀಸಿತು. ಎರಚಲು ಹಾಲಿನೊಳಗೆ ಬಂತು. ಶಿಲ್ಪಮ್ಮ ಬಾಗಿಲ ಹತ್ತಿರ ನಿಂತಿದ್ದರು, ಒಂದು ಕಾಲು ಒಳಗೆ, ಒಂದು ಹೊರಗೆ. ಅಕ್ಕ ಕೂತಲ್ಲಿಂದಲೇ ತಲೆಯೆತ್ತಿದಳು.

"ಅಮ್ಮಾ, ಆ ಕಡೆ ಹೋಗಿ ಬಾಗ್ಲು ಹಾಕ್ಕೊಳ್ಳಿ. ಮಗೀಗೆ ಥಂಡಿ ಆಗ್ತದೆ."

ಶಿಲ್ಪಮ್ಮ ಅಕ್ಕನನ್ನು ನೋಡಿದರು, ಮಗುವನ್ನು ನೋಡಿದರು, ಹನ್ನೊಂದು ಮೊಬೈಲುಗಳನ್ನು ನೋಡಿದರು. ಒಳಗಿದ್ದ ಕಾಲನ್ನು ಹೊರಗೆ ತೆಗೆದರು. ಬಾಗಿಲು ಹಾಕಿಕೊಂಡರು.